ಹಸಿ ಕೈಯ ತಪ್ಪಲ್ಲ

ಈ ಮಾತನ್ನು ಬಹಳ ಕಾಲ ಮುಂದೂಡಿದೆ. ನಿನ್ನೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರೋ ನೂಲಿಗೆ ಗಂಜಿ ಹಾಕಿದ್ದರು. ಆ ಹುಳಿ ವಾಸನೆ ಕಿಟಕಿಯಿಂದ ಒಳಗೆ ಬಂತು, ಕೈಯಲ್ಲಿದ್ದ ಚಹಾ ಹಾಗೇ ಆರಿಹೋಯಿತು... ಇನ್ನು ಮನೆಯವರು ಬೇಡವೆಂದರೂ ಬರೆಯುವವನೇ.

ಪಕ್ಕದ ಮನೆಯಲ್ಲಿ ವೈನಿ ಇದ್ದರು. ಅತ್ತಿಗೆಯೆಂದು ಹಾಗೆ ಕರೆದರೂ ರಕ್ತಸಂಬಂಧವಲ್ಲ, ಓಣಿಯ ಸಂಬಂಧ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುವುದರಲ್ಲಿ ಅವರ ಬೆರಳು ಪಳಗಿದ್ದವು. ನಾನು ಕಾರು ರಿಪೇರಿಯವನು. ವಯಸ್ಸಾದ ಮೇಲೆ ಹಟ ಹಿಡಿದು ಹಳೆಯ ಪೆಟ್ರೋಲ್ ಕಾರಿನ ಎಂಜಿನ್ ಕಿತ್ತು, ಮೋಟಾರು ಮತ್ತು ಬ್ಯಾಟರಿಗಳ ಸಾಲು ಕೂರಿಸಿದ್ದೆ. ಎರಡು ಮನೆಗಳ ನಡುವಿನ ಸಂದಿಯಲ್ಲಿ ಅದನ್ನು ಚಾರ್ಜಿಗೆ ಇಡುತ್ತಿದ್ದೆ, ದಿನವೆಲ್ಲ ಅಲ್ಲೇ ಮಲಗಿರುತ್ತಿತ್ತು.

"ನಿನ್ನ ಗಾಡಿ ಬಾಣಂತಿಗಿಂತ ಹೆಚ್ಚ ಮಕ್ಕೋತೈತಲ್ಲ, ತಮ್ಮಾ," ಎಂದು ವೈನಿ ನಗುತ್ತಿದ್ದರು.

ಹಳೆಯ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ತಂತಿಯನ್ನು ಕಾರಿನ ಲೋಹದ ಮೈಗೇ ಬಿಗಿಯುವುದು ರೂಢಿ. ಹನ್ನೆರಡು ವೋಲ್ಟು, ಮುಟ್ಟಿದರೆ ಏನೂ ಆಗದು. ಅದೇ ಕೈರೂಢಿಯಲ್ಲಿ ಇದರದನ್ನೂ ಮೈಗೆ ಬಿಗಿದೆ. ಚಾರ್ಜರು ಅಗ್ಗದ್ದು, ಮನೆಯ ಕರೆಂಟನ್ನೂ ಬ್ಯಾಟರಿಯನ್ನೂ ಬೇರೆಯಾಗಿಡುವ ಏರ್ಪಾಟು ಅದರಲ್ಲಿರಲಿಲ್ಲ. ಪ್ಲಗ್ ಹಾಕಿದಾಗಲೆಲ್ಲ ಮನೆಯ ಟ್ರಿಪ್ ಸ್ವಿಚ್ಚು ಬೀಳುತ್ತಿತ್ತು. ಕರೆಂಟು ಗಾಡಿಯ ಮೈಗೆ ಸೋರುತ್ತಿದೆ ಎಂದು ಅದು ಎಚ್ಚರಿಸುತ್ತಿತ್ತು. ನಾನು ಅರ್ಥಿಂಗ್ ತಂತಿ ಕತ್ತರಿಸಿ, ಸ್ವಿಚ್ಚನ್ನು ತಪ್ಪಿಸಿ ನೇರ ತಂತಿ ಎಳೆದೆ.

ಒಂದು ಮುಂಜಾನೆ ವೈನಿ ಗಂಜಿ ಹಾಕಿದ ನೂಲನ್ನು ಸಂದಿಯ ಹಗ್ಗಕ್ಕೆ ಹರವುತ್ತಿದ್ದರು. ಬರಿಗಾಲು, ನೀರು ಸೋರಿದ ನೆಲ. ಆಸರೆಗೆಂದು ಕಾರಿನ ಬಾಗಿಲ ಹಿಡಿಕೆ ಹಿಡಿದರು... ಓಡಿಹೋಗಿ ಪ್ಲಗ್ ಕಿತ್ತೆ. ಜೀವ ಉಳಿಯಿತು. ಬಲಗೈಯ ಬೆರಳುಗಳು ಸುಟ್ಟು ಮುರುಟಿದವು. ಕೊಂಡಿ ಹಾಕುವುದು ಅಲ್ಲಿಗೆ ಮುಗಿಯಿತು.

ಓಣಿಯವರು ಕೂಡಿದಾಗ ನಾನು ಆಡಿದ ಮಾತು ಇದು: "ಹಸಿ ಕೈಲೆ ಕರೆಂಟಿನ ಗಾಡಿ ಯಾರಾರ ಮುಟ್ಟತಾರೇನು?"

ದವಾಖಾನೆಯಿಂದ ಬಂದ ವೈನಿ ಅದನ್ನೇ ನಂಬಿದರು. ನೋಡಲು ಹೋದಾಗ, "ನಂದ ತಪ್ಪೈತಿ ತಮ್ಮಾ. ಕೈ ಒರಿಸ್ಕೊಂಡ ಮುಟ್ಟಬೇಕಿತ್ತ," ಎಂದರು. ಅಷ್ಟರಲ್ಲಿ ನಾನು ಮೀಟರಿಟ್ಟು ನೋಡಿದ್ದೆ. ಎಲ್ಲ ಗೊತ್ತಿತ್ತು. ತಲೆಯಾಡಿಸಿ, ಅವರ ಮನೆಯ ಚಹಾ ಕುಡಿದು ಎದ್ದು ಬಂದೆ. ಅವರು ಸಾಯುವತನಕ ಆ ತಪ್ಪನ್ನು ತಮ್ಮದೆಂದೇ ಹೊತ್ತರು.

ಗಾಡಿ ಮಾರಿಬಿಡು, ಹಣೆಬರಹ ಅಂದುಕೋ ಎನ್ನುತ್ತಾರೆ ಮನೆಯವರು. ಮಾರುವುದಿಲ್ಲ. ಹಣೆಬರಹ ಬಂದು ತಂತಿ ಬಿಗಿಯಲಿಲ್ಲ. ಈಗ ಆ ಬ್ಯಾಟರಿಗಳ ಒಂದು ತಂತಿಯೂ ಗಾಡಿಯ ಮೈಗೆ ತಾಗದು. ಚಾರ್ಜರು ಬದಲಾಗಿದೆ, ಅರ್ಥಿಂಗ್ ಇದೆ, ಸ್ವಿಚ್ಚು ತನ್ನ ಜಾಗಕ್ಕೆ ಮರಳಿದೆ. ಮೊನ್ನೆ ಹುನಗುಂದದಿಂದ ತಂಗಿಯ ಮಗ ತಾನೇ ಕಟ್ಟಿದ ಇಂಥದೇ ಗಾಡಿ ತಂದ. ಸ್ವಿಚ್ಚು ಪದೇ ಪದೇ ಬೀಳುತ್ತದೆ, ನೇರ ಲೈನು ಕೊಡು ಮಾಮಾ ಎಂದ.

"ಬೀಳಲಿ. ಯಾಕ ಬೀಳತೈತಿ ಅಂತ ಮೊದಲ ಹುಡುಕು. ಅಲ್ಲೀತನಕ ನನ್ನ ಮನ್ಯಾಗ ಪ್ಲಗ್ ಹಾಕಬ್ಯಾಡ."

ಸಿಟ್ಟಾಗಿ ಹೋದ. ಹೋಗಲಿ.

ನೂಲಿನ ಕೆಲಸದವರ ಕೈ ಹಸಿಯೇ ಇರುತ್ತದೆ. ಆ ಕೈ ಮುಟ್ಟಿದರೂ ಏನೂ ಆಗದಂತೆ ಗಾಡಿ ಕಟ್ಟಬೇಕಾದವನು ನಾನು. ಓಣಿಯೆಲ್ಲ ಕೂಡಿದ್ದ ಆ ದಿನವೇ, ಎಲ್ಲರಿಗೂ ಕೇಳುವಂತೆ ಹೇಳಬೇಕಿತ್ತು. ಸಂದಿಯ ಹಗ್ಗ ಇನ್ನೂ ಹಾಗೇ ಇದೆ, ಖಾಲಿ... ತಪ್ಪು ನಿಮ್ಮದಲ್ಲ, ವೈನಿ.