ದರೋಡೆಕೋರನ ಒಡ್ಡೋಲಗ

ಯಾದವ ಶೆಟ್ಟಿಗಾರನನ್ನು ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಂಡದ್ದು ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯಲಿಕ್ಕೆ. ಬ್ರಹ್ಮಾವರದ ಈ ಪುಣ್ಯಾತ್ಮ ವಿಮಾನಕ್ಕೆ ಹಾಕಿದ ಇಪ್ಪತ್ತು ಕಿಲೋ ಸಾಮಾನಿನಲ್ಲಿ ಹನ್ನೊಂದು ಕಿಲೋ ಚೆಂಡೆಯೇ ಇತ್ತು. ಹತ್ತನೇ ವಯಸ್ಸಿನಿಂದ ಯಕ್ಷಗಾನಕ್ಕೆ ಚೆಂಡೆ ಬಾರಿಸಿದ ಕೈ. ಬಟ್ಟೆ ಅಲ್ಲಿಯೂ ಸಿಗುತ್ತದೆ ಎಂದುಕೊಂಡಿದ್ದ.

ಶ್ವೀಬರ್ಡಿಂಗೆನ್ ಎಂಬ ಊರಿನ ಬಾಡಿಗೆ ಮನೆಯಲ್ಲಿ ಮೊದಲ ಭಾನುವಾರ ಅದನ್ನು ಹೊರತೆಗೆದು ನಾಲ್ಕು ಪೆಟ್ಟು ಹಾಕಿದ್ದೇ ತಡ, ಕಾಲಡಿಯ ನೆಲ ಧಡಧಡ ಎಂದಿತು. ಕೆಳಗಿದ್ದ ಮಾಲಕಿ, ಎಪ್ಪತ್ತೆರಡರ ಫ್ರೌ ಹೇಬರ್ಲೆ, ಪೊರಕೆಯ ಕೋಲಿನಿಂದ ತಮ್ಮ ಚಾವಣಿ ಕುಟ್ಟುತ್ತಿದ್ದರು. ಭಾನುವಾರ ಇಡೀ ದಿನ ರೂಹೆಟ್ಸೈಟ್, ಸದ್ದು ಮಾಡುವಂತಿಲ್ಲ. ಉಳಿದ ದಿನ ಅವರಿಗೆ ತಲೆನೋವು. ಚೆಂಡೆ ಮಂಚದಡಿ ಸೇರಿತು. ಹದಿನಾಲ್ಕು ತಿಂಗಳು ಯಾದವ ಕೀಬೋರ್ಡನ್ನೇ ಬಾರಿಸಿದ. ವಾರಕ್ಕೆ ಒಂದೇ ಒಂದು ಗಂಟೆ ಸಿಕ್ಕಿದರೆ ಸಾಕೆಂದು ಹಪಹಪಿಸಿದ.

2002ರ ಫೆಬ್ರವರಿಯಲ್ಲಿ ಆ ಗಂಟೆ ಬಾಗಿಲಿಗೇ ಬಂತು. ಫ್ರೌ ಹೇಬರ್ಲೆ ಊರಿನ ಫಿಲ್ಮ್ ಕ್ಲಬ್ಬಿನ ಯಜಮಾನತಿ. ಪ್ರೊಜೆಕ್ಟರ್ ನಡೆಸುವವರೂ ಅವರೇ. ಶನಿವಾರ ಹಳೆಯ ಮೂಕಿ ಚಿತ್ರವಿತ್ತು, ಕೌಬಾಯ್‌ಗಳ ತಮಾಷೆ ಕಥೆ. ಅದಕ್ಕೆ ಪಿಯಾನೋ ನುಡಿಸಬೇಕಿದ್ದವರು ಹಿಮದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ನೀನು ಬಾರಿಸು, ಜನ ನಕ್ಕರೆ ಪ್ರತಿ ಶನಿವಾರ ನಾಲ್ಕರಿಂದ ಐದು ನಿನ್ನ ಚೆಂಡೆಗೆ ಬಿಟ್ಟೆ, ನಗದಿದ್ದರೆ ಅದು ಮಂಚದಡಿಯೇ ಇರಲಿ ಎಂದರು.

ಆಫೀಸಿನ ಗೆಳೆಯ, ಭಟ್ಕಳದ ಫಯಾಜ್, ಚೆಂಡೆಯನ್ನು ಕ್ಲಬ್ಬಿನ ಹಾಲಿಗೆ ಹೊತ್ತು ತಂದು ಪಕ್ಕದಲ್ಲೇ ಕೂತ. ದೀಪ ಆರಿತು. ತೆರೆಯ ಮೇಲೆ ಪೀಚಲು ಆಸಾಮಿಯೊಬ್ಬ ಕುದುರೆಯಿಂದ ಬಿದ್ದ, ಎದ್ದ, ಮತ್ತೆ ಬಿದ್ದ. ಇವನು ಹಾಸ್ಯಗಾರ ಎಂದು ಯಾದವ ಹಗುರಾಗಿ ತಟ್ಟಿ ಸುಮ್ಮನಾದ. ಅಷ್ಟರಲ್ಲಿ ಸಾರಾಯಿ ಅಂಗಡಿಯ ಬಾಗಿಲು ದೂಡಿ ಬಂದ ನೋಡಿ ಒಬ್ಬ: ಮೊರದಗಲ ಟೊಪ್ಪಿ, ಹುರಿಮೀಸೆ, ಕೆಂಡದಂಥ ಕಣ್ಣು. ಯಕ್ಷಗಾನದಲ್ಲಿ ರಾಕ್ಷಸರ ಇಂಥ ಬಣ್ಣದ ವೇಷ ಬಂದರೆ ಒಡ್ಡೋಲಗದ ಭರ್ಜರಿ ಪ್ರವೇಶ ಕೊಡದವನು ಚೆಂಡೆಯವನೇ ಅಲ್ಲ. ಹದಿನಾಲ್ಕು ತಿಂಗಳ ಹಸಿವೆಲ್ಲ ಕೋಲಿಗಿಳಿಯಿತು. ಕಿಟಕಿಯ ಗಾಜು ಅದುರಿತು.

ಒಡ್ಡೋಲಗಕ್ಕೆ ಸಾವಕಾಶ ಬೇಕು. ಮೀಸೆಯವನೋ ನಾಲ್ಕೇ ಹೆಜ್ಜೆಯಲ್ಲಿ ಒಳಬಂದು ಕುಡಿಯಲು ಕೂತುಬಿಟ್ಟಿದ್ದ.

“ಮಾರಾಯ, ಅಂವ ದರೋಡೆಕೋರ. ಹೀರೋ ಆ ಪೀಚಲು,” ಎಂದು ಫಯಾಜ್ ಪಿಸುಗುಟ್ಟಿದ.

“ಮುಕ್ತಾಯ ಆಗ್ದೆ ಕೋಲ್ ಇಳ್ಸುಕೆ ಆತಿಲ್ಲ,” ಎಂದ ಯಾದವ.

ಜನ ತಿರುಗಿ ನೋಡಿದರು. ಒಬ್ಬರೂ ನಗಲಿಲ್ಲ. ಶನಿವಾರದ ಗಂಟೆ ಕೈತಪ್ಪಿತು ಎಂದುಕೊಂಡ ಯಾದವ. ಆದರೂ ಕೈ ನಿಲ್ಲಲಿಲ್ಲ. ಆಗ ಫ್ರೌ ಹೇಬರ್ಲೆ ಪ್ರೊಜೆಕ್ಟರಿನ ರೀಲನ್ನು ಹಿಂದಕ್ಕೆ ಓಡಿಸಿದರು. ಮೀಸೆಯವನು ಕುಡಿದದ್ದನ್ನು ಗ್ಲಾಸಿಗೆ ವಾಪಸ್ ಉಗುಳಿ, ಹಿಮ್ಮುಖವಾಗಿ ಬಾಗಿಲಾಚೆ ಹೋದ. ಮತ್ತೆ ಬಂದ, ಮತ್ತೆ ಹೋದ. ಚೆಂಡೆಗೆ ಸರಿಯಾಗಿ ಕುಣಿಯುತ್ತಲೇ ಇದ್ದ. ಮೊದಲು ಯಾರೋ ಅಜ್ಜ ಕಿಸಕ್ಕೆಂದರು, ಆಮೇಲೆ ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡಿತು. ಹನ್ನೊಂದನೇ ಪ್ರವೇಶಕ್ಕೆ ಒಡ್ಡೋಲಗ ಮುಕ್ತಾಯವಾಯಿತು. ಕೊನೆಯಲ್ಲಿ ದರೋಡೆಕೋರ ಸಿಕ್ಕಿಬಿದ್ದಾಗ ಜನ ಅವನನ್ನು ಹಿಡಿದ ಪೊಲೀಸು ಶೆರೀಫನಿಗೇ ಛೀಮಾರಿ ಹಾಕಿದರು.

ಮುಂದಿನ ಶನಿವಾರ ನಾಲ್ಕಕ್ಕೆ ಸರಿಯಾಗಿ ಯಾದವ ಮನೆಯಲ್ಲಿ ಚೆಂಡೆ ಶುರುಮಾಡಿದ. ಎರಡೇ ನಿಮಿಷ, ಕೆಳಗಿನಿಂದ ಪೊರಕೆ ಧಡ್ ಎಂದಿತು. ಕೈ ನಿಂತಿತು. ಮಾತು ಕೊಟ್ಟು ತಪ್ಪಿದರಲ್ಲ ಎಂದು ಸಿಟ್ಟು ಬಂತು, ಅಳುವೂ ಬಂತು. ಕೆಳಗೆ ಮತ್ತೆ ಧಡ್, ಧಡ್, ನಡುವೆ ಬಿಡುವು ಕೊಟ್ಟು, ಮತ್ತೆ ಧಡ್. ಯಾದವ ಕಿವಿಗೊಟ್ಟ. ಫ್ರೌ ಹೇಬರ್ಲೆ ತಾಳ ಹಾಕುತ್ತಿದ್ದರು. ಎರಡನೇ ಪೆಟ್ಟು ಪ್ರತಿಸಲ ಸ್ವಲ್ಪ ತಡವಾಗುತ್ತಿತ್ತು. ಯಾದವ ಅದಕ್ಕೆ ಕಾದು ಕಾದು ಬಾರಿಸಿದ.