ಇಂಗ್ಲಿಷಿನಲ್ಲಿದ್ದು ಕನ್ನಡದಲ್ಲಿಲ್ಲದ ಸಾಲು

ನಮ್ಮದು ಬೌದ್ಧ ಮನೆತನ. ಅಕ್ಕನನ್ನು ಆಳಂದದ ಕ್ರೈಸ್ತ ಮನೆಗೆ ಕೊಡುವಾಗ ಅಪ್ಪ ವಿಚಾರಿಸಿದ್ದು ಎರಡೇ ಸಂಗತಿ: ಹುಡುಗ ಕುಡಿಯುತ್ತಾನೋ, ನೌಕರಿ ಕಾಯಮ್ಮೋ. ಅವರ ದೇವರು ಒಬ್ಬನೋ ಮೂವರೋ ಎಂದು ಯಾರೂ ಕೇಳಲಿಲ್ಲ. ಆ ಪ್ರಶ್ನೆ ಮನೆಗೆ ಬಂದದ್ದು ಭಾವ ಕಂಪೌಂಡರ್ ಕೆಲಸದಿಂದ ನಿವೃತ್ತರಾದ ಮೇಲೆ.

ತಂದವನು ಅವರ ತಮ್ಮ. ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಕ ಹಾಕಿಸುವ ಕೆಲಸ ಅವನದು. ಅಫಜಲಪುರದ ಒಂದು ಮನೆಯಲ್ಲಿ ಸೇರುವ ಸಣ್ಣ ಕೂಟಕ್ಕೆ ಹೋಗತೊಡಗಿದ್ದ. ತಂದೆಯೊಬ್ಬನೇ ದೇವರು, ಮಗನಾದ ಯೇಸು ಮಗನೇ, ಮೂವರೂ ಕೂಡಿ ಒಬ್ಬನೇ ದೇವರು ಎನ್ನುವ ತ್ರಿಯೇಕ ಎಂಬ ಮಾತು ಬೈಬಲ್ಲಿನಲ್ಲಿ ಎಲ್ಲೂ ಇಲ್ಲ ಎಂದು ಅಲ್ಲಿ ಹೇಳಿದ್ದರಂತೆ. ಒಂದು ಭಾನುವಾರ ಅಣ್ಣನ ಮನೆಯಲ್ಲಿ ಊಟಕ್ಕೆ ಕೂತವನು ಇದನ್ನು ಹೇಳಿದ. ವರ್ಷಗಟ್ಟಲೆ ಚರ್ಚಿನ ಮಕ್ಕಳಿಗೆ ಪಾಠ ಹೇಳಿದ್ದ ಭಾವ ಅರ್ಧ ಊಟಕ್ಕೇ ಕೈ ತೊಳೆದರು.

ಮೂರನೆಯ ಭಾನುವಾರ ಅಕ್ಕ ನನಗೆ ಫೋನ್ ಮಾಡಿದಳು. "ಇಬ್ಬರೂ ಕೂಡಿ ಉಣ್ಣಾಕ ಒಲ್ಲರು. ನೀ ಬಂದು ಒಂದು ತೀರ್ಪು ಹೇಳಬೇ."

ಜೇವರ್ಗಿ ತಾಲ್ಲೂಕಿನ ಕೊಳಕೂರಿನ ಶಾಲೆಯಲ್ಲಿ ನಾನು ಕನ್ನಡ ಟೀಚರು. ದೇವರ ವಿಷಯದಲ್ಲಿ ಯಾರ ಪಾರ್ಟಿಯೂ ಅಲ್ಲ, ವ್ಯಾಕರಣ ಗೊತ್ತು ಎಂದು ಇಬ್ಬರೂ ಒಪ್ಪಿದರು. ಅಕ್ಕ ಕಳಿಸಿದ ಕನ್ನಡ ಬೈಬಲ್ಲನ್ನು ಬೇಸಿಗೆ ರಜೆಯುದ್ದಕ್ಕೂ ಪೆನ್ಸಿಲ್ ಹಿಡಿದು ಓದಿದೆ.

ಆಳಂದಕ್ಕೆ ಹೋಗಿ ವರದಿ ಒಪ್ಪಿಸಿದೆ. ತ್ರಿಯೇಕ ಎಂಬ ಶಬ್ದ ಇಲ್ಲ ಎಂದೆ. ತಮ್ಮ ತಲೆಯಾಡಿಸಿದ. ಆದರೆ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿಸಿ ಎಂದಿದೆ. 'ಹೆಸರಿನಲ್ಲಿ' ಏಕವಚನ, 'ಹೆಸರುಗಳಲ್ಲಿ' ಅಲ್ಲ ಎಂದೆ.

"ಕೇಳಿದೇನು? ಏಕವಚನ!" ಎಂದರು ಭಾವ.

"ತಂದೆ ನನಗಿಂತ ದೊಡ್ಡವನು ಅಂತ ಮಗನs ಹೇಳ್ಯಾನಲ್ರಿ ಟೀಚರ್ರ? ಅದಕ್ಕೇನಂತೀರಿ?" ಎಂದ ತಮ್ಮ.

ಅದೂ ಇತ್ತು. ಅದಕ್ಕೂ ಪೆನ್ಸಿಲ್ ಗುರುತು ಹಾಕಿದ್ದೆ.

ಆಗ ಭಾವ ಎದ್ದು ಒಳಗಿನಿಂದ ಅವರ ಅಪ್ಪನ ಕಾಲದ ಇಂಗ್ಲಿಷ್ ಬೈಬಲ್ ತಂದರು. ಯೋಹಾನನ ಒಂದು ಪತ್ರದಲ್ಲಿ, ಪರಲೋಕದಲ್ಲಿ ಸಾಕ್ಷಿ ಹೇಳುವವರು ಮೂವರು, ಆ ಮೂವರೂ ಒಂದೇ ಎಂಬ ಸಾಲು. ಮಕ್ಕಳಿಗೆ ಅವರು ಇಂಗ್ಲಿಷಿನಲ್ಲೇ ಬಾಯಿಪಾಠ ಮಾಡಿಸುತ್ತಿದ್ದುದು ಅದನ್ನೇ. ನಾನು ಕನ್ನಡ ಪ್ರತಿ ತೆರೆದೆ. ಅಲ್ಲಿ ಆತ್ಮ, ನೀರು, ರಕ್ತ ಎಂಬ ಮೂರು ಸಾಕ್ಷಿಗಳಿದ್ದವು. ಪರಲೋಕದ ಮೂವರು ಇರಲಿಲ್ಲ. ಹಿಂದಿನ ಪುಟ ನೋಡಿದೆ, ಮುಂದಿನದೂ ನೋಡಿದೆ.

"ಇಂಗ್ಲಿಷಿನ್ಯಾಗ ಅದ, ಕನ್ನಡದಾಗ ಇಲ್ರಿ," ಎಂದೆ.

ಭಾವ ಪಾಸ್ಟರಿಗೆ ಫೋನ್ ಹಚ್ಚಿದರು. ಪಾಸ್ಟರ್ ಸತ್ಯವಂತರು, ಸ್ಪೀಕರ್ ಹಾಕಿರುವುದು ಅವರಿಗೆ ಗೊತ್ತಿರಲಿಲ್ಲ. "ಆ ಸಾಲು ಬಹಳ ಹಳೇ ಕೈಬರಹದಾಗ ಇಲ್ರಿ. ಆಮ್ಯಾಲ ಯಾರೋ ಸೇರಿಸ್ಯಾರ ಅಂತಾರ ಪಂಡಿತರು. ಅದಕ್ಕs ಕೈಬಿಟ್ಟಾರ. ಅದಿಲ್ಲಂದ್ರೂ ನಮ್ಮ ನಂಬಿಕಿಗೆ ಬ್ಯಾರೆ ಆಧಾರ ಅದಾವ್ರಿ."

ಭಾವ ಬ್ಯಾರೆ ಆಧಾರ ಕೇಳಲಿಲ್ಲ. ಪುಸ್ತಕ ಮುಚ್ಚಿದರು. ತಮ್ಮ ಗೆದ್ದಿದ್ದ, ಆದರೆ ಅಣ್ಣನ ಮುಖ ನೋಡಿ ಚಪ್ಪಲಿ ಮೆಟ್ಟಿ ಬಸ್ಸಿಗೆ ಹೋದ.

ಮುಂದಿನ ಭಾನುವಾರ ಭಾವ ಮಕ್ಕಳ ಪಾಠಕ್ಕೆ ಹೋಗಲಿಲ್ಲ. "ಅಪ್ಪ ಕಲಿಸಿದ್ದು ಅದು," ಎಂದರಂತೆ ಅಕ್ಕನಿಗೆ. ಆ ವಾರವೆಲ್ಲ ಅವರು ಮನೆಯಲ್ಲಿದ್ದ ಮಾತ್ರೆ ಡಬ್ಬಿಯನ್ನು ಮತ್ತೆ ಮತ್ತೆ ಜೋಡಿಸುತ್ತಿದ್ದರೆಂದು ಅವಳು ಹೇಳಿದಳು.

ಎಂಟನೆಯ ದಿನ, ತಮ್ಮನ ಊರಿಗೆ ಹೋಗಬೇಕು, ನೀನೂ ಬಾ ಎಂದು ಭಾವ ನನಗೆ ಫೋನ್ ಮಾಡಿದರು. ಗಾಣಗಾಪುರದ ಹತ್ತಿರ ಟಂಟಂ ಆಟೋ ಹತ್ತಿದೆವು. ಎದುರಿಗೆ ಕೂತಿದ್ದ ಅಂಗಡಿಯವನೊಬ್ಬ ನಮ್ಮ ಮಾತು ಕೇಳಿಸಿಕೊಂಡು, "ನಮ್ಮ ದತ್ತಾತ್ರೇಯಗ ಮೂರು ತಲಿ ಅವ, ದೇವ್ರು ಒಬ್ಬನs. ಇದ್ರಾಗ ಜಗಳ ಏನದರೀ?" ಎಂದ. ಭಾವ ಇಳಿಯುವವರೆಗೂ ಅದು ಬೇರೆ, ಇದು ಬೇರೆ ಎಂದು ಅವನಿಗೆ ತಿಳಿಸಿ ಹೇಳಿದರು. ಅವನು ಎಲ್ಲದಕ್ಕೂ ಹೌದ್ರಿ ಎಂದ.

ತಮ್ಮನ ಮನೆಯ ಬಾಗಿಲಲ್ಲಿ ನಿಂತೇ ಭಾವ ಹೇಳಿದರು: "ತಮ್ಮಾ, ನೀ ಹೇಳಿದ್ದು ಖರೆ. ಆ ಶಬ್ದ ಇಲ್ಲ, ಆ ಸಾಲೂ ಇಲ್ಲ. ಆದ್ರ ನಾ ನಂಬೂದು ಬಿಡಂಗಿಲ್ಲ. ಇಷ್ಟು ಹೇಳಾಕ ಬಂದೇನಿ."

ತಮ್ಮ ಒಂದು ನೋಟ್‌ಬುಕ್ ತುಂಬ ವಾಕ್ಯ ಬರೆದಿಟ್ಟಿದ್ದ. ಅದನ್ನು ತರಲಿಲ್ಲ. ಅಣ್ಣನನ್ನು ಒಳಗೆ ಕರೆದು ಕೂರಿಸಿ, "ತೋಮ ಅನ್ನೋ ಶಿಷ್ಯ ಯೇಸುಗ ನನ್ನ ದೇವರೇ ಅಂದನಲ್ಲ, ಹಂಗನ್ನಬ್ಯಾಡ ಅಂತ ಯೇಸು ಅನ್ನಲಿಲ್ಲ. ಅದೊಂದು ನನಗೂ ಬಗಿಹರಿದಿಲ್ಲಣ್ಣ," ಎಂದ. "ಕೂಟದಾಗ ಕೇಳೇನಿ. ಅವ ಗಾಬರ್ಯಾಗಿ ಅಂದಾನ ಅಂತಾರ. ನನಗ ಹಂಗ ಅನಸಂಗಿಲ್ಲ."

ನಾನು ಟಂಟಂನಲ್ಲಿ ಸಿಕ್ಕ ಅಂಗಡಿಯವನ ಮಾತು ಹೇಳಿದೆ. "ಅದು ಬ್ಯಾರೆ!" ಎಂದ ತಮ್ಮ. ಭಾವ ಹೌದೆಂದರು. ನಾಲ್ಕು ತಿಂಗಳಲ್ಲಿ ದೇವರ ವಿಷಯದಲ್ಲಿ ಅಣ್ಣತಮ್ಮಂದಿರು ಒಪ್ಪಿದ ಮೊದಲ ಸಂಗತಿ ಅದು. ಪುಂಡಿಪಲ್ಯ, ರೊಟ್ಟಿ ಬಂತು. ಇಬ್ಬರೂ ಕೂಡಿ ಉಂಡರು. ನನ್ನ ತೀರ್ಪನ್ನು ಯಾರೂ ಕೇಳಲಿಲ್ಲ. ನನ್ನ ಬಳಿ ಇರಲೂ ಇಲ್ಲ.

ಭಾವ ಮತ್ತೆ ಪಾಠಕ್ಕೆ ಹೋಗತೊಡಗಿದರು. ಮೊದಲ ದಿನವೇ, ನಾನು ಬಾಯಿಪಾಠ ಮಾಡಿಸಿದ ಸಾಲು ಕನ್ನಡದಲ್ಲಿಲ್ಲ, ಬಿಟ್ಟುಬಿಡಿ ಎಂದು ಮಕ್ಕಳಿಗೆ ಹೇಳಿದರು. ಒಂದು ಹುಡುಗಿ, ಹಂಗಾದ್ರ ನಮಗ ಕೊಟ್ಟ ಬಹುಮಾನ ವಾಪಸ್ ಕೊಡಬೇಕೇನ್ರಿ ಎಂದು ಕೇಳಿದಳಂತೆ.

ತಮ್ಮ ಈಗಲೂ ಅಫಜಲಪುರದ ಕೂಟಕ್ಕೇ ಹೋಗುತ್ತಾನೆ. ಊಟ ಯಾರ ಮನೆಯಲ್ಲೋ ಪ್ರಾರ್ಥನೆ ಅವರದು ಎಂದು ಅಕ್ಕ ನಿಯಮ ಮಾಡಿದ್ದಾಳೆ. ತಮ್ಮ ತನ್ನ ಮನೆಯಲ್ಲಿ ತಂದೆಗೆ ಪ್ರಾರ್ಥಿಸಿ ಆಮೆನ್ ಅಂದಮೇಲೂ ಭಾವ ಕಣ್ಣು ತೆರೆಯುವುದಿಲ್ಲ. ಮಗನನ್ನೂ ಪವಿತ್ರಾತ್ಮನನ್ನೂ ಬಾಯೊಳಗೇ ಸೇರಿಸಿಕೊಳ್ಳುತ್ತಾರೆ. ತಮ್ಮನಿಗೆ ಅದು ಗೊತ್ತು. ಅಷ್ಟು ಹೊತ್ತು ಅವನು ರೊಟ್ಟಿ ಮುರಿಯದೆ ಕಾಯುತ್ತಾನೆ.