ಗೋಡೆಯ ಮೇಲಿನ ಮಾಲೀಕರು

ಅಪ್ಪ ತೀರಿಹೋಗಿ ಹನ್ನೊಂದು ವರ್ಷವಾಗಿದ್ದರೂ ತೆಲುಗು ಸೀಮೆಯ ನಾಚಾರಂನಲ್ಲಿದ್ದ ನಮ್ಮ ಮನೆಯ ಕರೆಂಟ್ ಬಿಲ್ಲು ಅವರ ಹೆಸರಿಗೇ ಬರುತ್ತಿತ್ತು. ಹಿರಿಯರ ಹೆಸರು ತೆಗೆಸಿದರೆ ಮನೆಗೆ ಒಳ್ಳೆಯದಲ್ಲ ಎಂದು ಅವ್ವನ ಹಟ. ನಮ್ಮ ವಿಜಯಪುರದ ಕಡೆಯವರ ಮನೆಗಳಲ್ಲಿ ನೋಡಿ, ನಲ್ಲಿ ಅಜ್ಜನದು, ಮೀಟರು ಮುತ್ತಜ್ಜನದು. ಅಪ್ಪ ಬದುಕಿದ್ದಾಗ ಒಂದು ಲೋಟ ನೀರು ಕೇಳಿದರೆ ಗೊಣಗುತ್ತಿದ್ದ ನಾನೂ ಈ ವಿಷಯದಲ್ಲಿ ಮಹಾ ಪಿತೃಭಕ್ತ. ಆಫೀಸಿಗೆ ಅಲೆಯುವುದು ತಪ್ಪುತ್ತಿತ್ತಲ್ಲ!

ಹೀಗಿರುವಾಗ ಮಹಡಿಯ ಕೋಣೆಗೆ ತಾಂಜಾನಿಯಾದ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಎಂ.ಎಸ್ಸಿ. ಓದುವವಳು. ದೇಶಕ್ಕೆ ಬಂದ ಹದಿನಾಲ್ಕು ದಿನದೊಳಗೆ ಆಕೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ತಪ್ಪಿದರೆ ಪ್ರವೇಶವೇ ರದ್ದಾದೀತೆಂದು ಕಾಲೇಜಿನವರು ಹೆದರಿಸಿದ್ದರು. ಅದಕ್ಕೆ ಮನೆ ಮಾಲೀಕರ ವಿವರ ತುಂಬಿ, ಕರೆಂಟ್ ಬಿಲ್ಲು ಲಗತ್ತಿಸಬೇಕಿತ್ತು.

ನಾನು ಮಹಾ ಬುದ್ಧಿವಂತ. ಬಿಲ್ಲಿಗೂ ಫಾರ್ಮಿಗೂ ತಾಳೆಯಾಗಲೆಂದು ಮಾಲೀಕರ ಜಾಗದಲ್ಲಿ ಅಪ್ಪನ ಹೆಸರನ್ನೇ ಕುಟ್ಟಿದೆ. ಕಂಪ್ಯೂಟರು ತಕರಾರಿಲ್ಲದೆ ನುಂಗಿತು. ವಾರದ ಮೇಲೆ ಪರಿಶೀಲನೆಗೆ ಬಂದ ಪೊಲೀಸ್ ಪೇದೆ ಮಾಲೀಕರನ್ನು ಕರೆಯಲು ಹೇಳಿದ. ಅವ್ವ ಗೋಡೆ ತೋರಿಸಿದಳು. ಫೋಟೋಕ್ಕೆ ಹಾರ, ವಿಭೂತಿ, ಊದಿನಕಡ್ಡಿ ಎಲ್ಲ ಸಾಂಗವಾಗಿತ್ತು. ಪೇದೆ ಮೊದಲು ಕೈಮುಗಿದ, ಆಮೇಲೆ ಅರ್ಜಿ ತಿರಸ್ಕರಿಸಬೇಕೆಂದು ಬರೆದುಕೊಂಡ.

ಹದಿನಾಲ್ಕರಲ್ಲಿ ಉಳಿದದ್ದು ನಾಲ್ಕು ದಿನ. ಹುಡುಗಿ ಮೆಟ್ಟಿಲ ಮೇಲೆ ಕೂತು ಅತ್ತಳು. ಮೂರು ವರ್ಷ ಕಾದು ಸಿಕ್ಕ ಸೀಟು, ಊರಿಗೆ ಹೋಗಿ ಯಾವ ಮುಖ ತೋರಿಸಲಿ ಎಂದು ಹರಕು ಹಿಂದಿಯಲ್ಲಿ ಕೇಳಿದಳು. ತಪ್ಪು ಪೂರಾ ನನ್ನದು, ನಾಚಿಕೆಯೂ ಆಯಿತು. ಬಾಯಲ್ಲಿ ಮಾತ್ರ ಸರಕಾರವನ್ನೇ ಬೈದೆ.

ಮರುದಿನ ಬೆಳಿಗ್ಗೆ ಅವ್ವ ತಾನಾಗಿ ಟ್ರಂಕಿನಿಂದ ಅಪ್ಪನ ಮರಣ ಪ್ರಮಾಣಪತ್ರ ತೆಗೆದಳು.

“ಅವರು ಸಿಟ್ಟಾದ್ರ ನಾ ನೋಡ್ಕೋತೀನಿ. ಕೂಸಿನ ಓದು ಹಾಳಾಗಬಾರ್ದು, ನಡಿ” ಎಂದಳು.

ಕರೆಂಟ್ ಆಫೀಸಿನಲ್ಲಿ ಹೆಸರು ಬದಲಾವಣೆಯ ಅರ್ಜಿಯನ್ನು ಸರಸರ ತುಂಬಿ, ನನ್ನ ಫೋಟೋ ಅಂಟಿಸಿ, ತಕರಾರಿಲ್ಲವೆಂದು ಇಲ್ಲಿ ಸಹಿ ಹಾಕೆಂದು ಅವ್ವನ ಮುಂದೆ ಹಿಡಿದೆ. ಅವಳು ಕನ್ನಡಕ ಏರಿಸಿ ಫೋಟೋವನ್ನೂ ನನ್ನನ್ನೂ ನೋಡಿದಳು.

“ನಿಂದ್ಯಾಕ ಹಚ್ಚೀಯಪ್ಪಾ? ನಾ ಇನ್ನಾ ಜೀವಂತ ಅದೀನಿ.”

ಕೌಂಟರಿನವನಿಗೆ ಕನ್ನಡ ಬರದಿದ್ದರೂ ಅರ್ಥವಾಯಿತು, ನಕ್ಕುಬಿಟ್ಟ. ತೆಪ್ಪಗೆ ಇನ್ನೊಂದು ಅರ್ಜಿ ತಂದು ಅವ್ವನ ಹೆಸರು ಬರೆದೆ. ಆ ರಸೀದಿಯ ಬಲದಿಂದ ಕೊನೆಯ ದಿನ ಹುಡುಗಿಯ ಹೊಸ ಅರ್ಜಿ ದಾಖಲಾಗಿ, ಮುಂದೆ ಪರವಾನಗಿಯೂ ಬಂತು. ಮನೆ ಕಟ್ಟುವಾಗ ಬಿಂದಿಗೆ ಹೊತ್ತು ಗೋಡೆಗಳಿಗೆ ನೀರುಣಿಸಿದವಳು ಅವ್ವ. ಅವಳ ಹೆಸರು ಈ ಮನೆಯ ಕಾಗದದ ಮೇಲೆ ಬಂದದ್ದು ಅದೇ ಮೊದಲು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನನಗದು ಹೊಳೆದಿರಲಿಲ್ಲ.